ಚಂದ್ರಣ್ಣನ ಹೆಸರಿನ ಫೋಲ್ಡರು

ಆ ಕಂಪ್ಯೂಟರಿಗೆ ನಾನು ತೆತ್ತದ್ದು ಎಂಟು ಸಾವಿರ ರೂಪಾಯಿ ಮತ್ತು ಒಂದು ಸುಳ್ಳು. ಅದನ್ನು ಮಾರಿದ ಗಿರಿಜಮ್ಮ ಹೇಳಿದ ಬೆಲೆ ಹನ್ನೆರಡು. ಮಿಕ್ಕ ನಾಲ್ಕನ್ನು ಇಳಿಸಿದ್ದು ಸುಳ್ಳೇ. ಅದರೊಳಗೆ ಏನೂ ಇಲ್ಲ ಎಂದೆ — ಸರಿಯಾಗಿ ನೋಡದೆಯೇ. ಇದೆ ಎಂದು ಹದಿನೈದು ದಿನದಲ್ಲೇ ಗೊತ್ತಾಯಿತು. ಆದರೂ ಆರು ವರ್ಷ ಬಾಯಿ ಬಿಡಲಿಲ್ಲ.

ನಾನು ತಿಪಟೂರಿನ ಕೊಬ್ಬರಿ ವ್ಯಾಪಾರಿ. ಗೋಣಿಚೀಲ ಹೊಲಿಯುತ್ತಾ ಶುರು ಮಾಡಿ ಸ್ವಂತ ಅಂಗಡಿ ಹಾಕಿದವನು. ಆ ಜಂಬ ಈಗಲೂ ಇದೆ. ಗಿರಿಜಮ್ಮನ ಗಂಡ ಚಂದ್ರಣ್ಣ ಕಂದಿಕೆರೆಯವರು. ತೋಟ ನೋಡಿಕೊಂಡೇ ತಾವಾಗಿ ಕಂಪ್ಯೂಟರ್ ಕಲಿತು, ಕೊಬ್ಬರಿ ಅಂಗಡಿಗೆ ಒಪ್ಪುವ ಬಿಲ್ಲಿನ ಪ್ರೋಗ್ರಾಂ ಒಂದನ್ನು ಬರೆದಿದ್ದರು. ನನಗೆ ಬೇಕಿದ್ದದ್ದು ಅದು. ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ನಿಗೆ ಹೋದ ಚಂದ್ರಣ್ಣ ವಾಪಸು ಬರಲಿಲ್ಲ. ಮೂರು ತಿಂಗಳು ಬಿಟ್ಟು ನಾನು ಮೆಷಿನ್ ಕೇಳಿಕೊಂಡು ಹೋದೆ.

"ಅಣ್ಣ, ಆಪರೇಸನ್ನಿಗೆ ಹೋಗೋಕ್ ಮುಂಚೆ ನಾಕ್ ದಿನ ಬಾಗ್ಲು ಹಾಕ್ಕಂಡು ಇದ್ರ ಮುಂದೆ ಒಬ್ರೇ ಮಾತಾಡ್ತಿದ್ರು" ಎಂದರು ಗಿರಿಜಮ್ಮ. "ಇನ್ಮೇಲೆ ದನಿ ಇರಾಕಿಲ್ಲ, ನಿಂಗೆ ಅಂತ ಹೇಳಿಟ್ಟಿವ್ನಿ ಅಂದಿದ್ರು. ನಂಗೆ ತೆಗೆಯಾಕೆ ಬರಲ್ಲ. ವಸಿ ನೋಡಿ. ಅದು ಸಿಕ್ಕಿದ್ರೆ ನಾನು ಇದನ್ನ ಮಾರಾದಿಲ್ಲ."

ಸಿಕ್ಕಿದರೆ ಮಾರುವುದಿಲ್ಲ — ವ್ಯಾಪಾರಿಯ ಕಿವಿಗೆ ಬಿದ್ದದ್ದು ಅಷ್ಟೇ. ಎರಡು ಸಲ ಮೌಸ್ ಒತ್ತಿದಂತೆ ಮಾಡಿದೆ.

"ಏನೂ ಇಲ್ಲ ಕಣಕ್ಕ. ಖಾಲಿ ಡಬ್ಬ. ಎಂಟಕ್ಕೆ ಕೊಟ್ಬುಡಿ."

"ಸರಿಯಾಗ್ ನೋಡುದ್ರಾ?"

"ನೋಡ್ದೆ ಕಣಕ್ಕ."

ನಮ್ಮ ಕಸುಬಿನಲ್ಲಿ ಚೀಲ ಕೊಂಡ ಮೇಲೆ ಅದರ ಮೇಲಿನ ಹಳೆಯ ಗುರುತು ಅಳಿಸಿ ನಮ್ಮ ಗುರುತು ಬಳಿಯುತ್ತೇವೆ; ಅಲ್ಲಿಗೆ ಮಾಲು ನಮ್ಮದು. ಕಂಪ್ಯೂಟರಿಗೂ ಅದನ್ನೇ ಮಾಡಿದೆ. ಚಂದ್ರಣ್ಣನ ಹೆಸರು ತೆಗೆದು ನನ್ನದನ್ನು ಹಾಕಿದೆ. ಬೆಳಿಗ್ಗೆ ಹಚ್ಚಿದರೆ ನನ್ನ ಹೆಸರು ಹೇಳಿಯೇ ಸ್ವಾಗತಿಸುತ್ತಿತ್ತು. ಹತ್ತು ದಿನ ಹೀಗೇ ನಡೆಯಿತು. ಆಮೇಲೆ ತುರುವೇಕೆರೆಯ ಒಬ್ಬ ದಲ್ಲಾಳಿ ನನ್ನ ಬಿಲ್ಲನ್ನು ಕನ್ನಡಕದ ಹತ್ತಿರ ಹಿಡಿದು ನಕ್ಕ.

"ಏನ್ ಸಾವ್ಕಾರ್ರೆ, ಸತ್ತೋರ ಕೈಲೂ ಬಿಲ್ ಬರುಸ್ತೀರಾ? ಗುಮಾಸ್ತನ ಸಂಬ್ಳ ಉಳೀತು ಬುಡಿ."

ಬಿಲ್ಲಿನ ತೀರಾ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಕಡತ ಎಲ್ಲಿದೆ ಎಂಬ ದಾರಿ ತಾನಾಗಿಯೇ ಅಚ್ಚಾಗುತ್ತಿತ್ತು: C:\Users\chandranna. ಹತ್ತು ದಿನ ನಾನು ಹಂಚಿದ ಒಂದೊಂದು ಕಾಗದದ ಮೇಲೂ — ಅವರ ಹೆಸರು. ನಾನು ಬದಲಿಸಿದ್ದು ಹೊರಗಿನ ಹೆಸರನ್ನು ಮಾತ್ರ. ಒಳಗಿನ ಫೋಲ್ಡರು ಅವರ ಹೆಸರಿನಲ್ಲೇ ಇತ್ತು. ನನ್ನ ಬಿಲ್ಲು, ನನ್ನ ಫೋಟೊ, ಎಲ್ಲವೂ ಹೋಗಿ ಕೂರುತ್ತಿದ್ದದ್ದು ಅವರ ಮನೆಯೊಳಗೆ.

ಮಟ ಮಟ ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದಾಗ, ಕಂಪ್ಯೂಟರಿನಲ್ಲೇ ಬೇರೊಂದು ಬಳಕೆದಾರ ಖಾತೆ ತೆರೆದು ಆ ಫೋಲ್ಡರಿನ ಹೆಸರನ್ನೂ ತಿದ್ದಿಬಿಟ್ಟೆ. ಮತ್ತೆ ನನ್ನ ಖಾತೆಗೆ ಬಂದರೆ — ಬರಿದು. ಬಿಲ್ಲಿಲ್ಲ, ಪ್ರೋಗ್ರಾಂ ಇಲ್ಲ, ನೀಲಿ ಪರದೆ ಒಂದೇ. ಹಳೆಯ ಹೆಸರನ್ನೇ ಮತ್ತೆ ಬರೆದೆ. ಎಲ್ಲವೂ ಇದ್ದಲ್ಲೇ ಬಂದು ಕೂತವು, ಎದ್ದೇ ಹೋಗಿರಲಿಲ್ಲವೇನೋ ಎಂಬಂತೆ. ಕಾರಣ ದೆವ್ವವಲ್ಲ, ನನಗೆ ಗೊತ್ತು. ಕಂಪ್ಯೂಟರು ವಸ್ತುವನ್ನು ಹುಡುಕುವುದಿಲ್ಲ, ಬರೆದಿಟ್ಟ ದಾರಿಯಲ್ಲಿ ಮಾತ್ರ ಹೋಗುತ್ತದೆ. ದಾರಿಯಲ್ಲಿ ಒಂದು ಹೆಸರು ತಪ್ಪಿದರೂ ಅಲ್ಲಿಗೆ ತಲುಪುವುದಿಲ್ಲ. ಕಾರಣ ಗೊತ್ತಿದ್ದೂ ಆ ಹೆಸರನ್ನು ಮತ್ತೆ ಮುಟ್ಟಲಿಲ್ಲ.

ಆ ಹೆಸರು ಇನ್ನೆಲ್ಲೆಲ್ಲಿ ಅಡಗಿದೆ ಎಂದು ಜಾಲಾಡುತ್ತಾ ಒಂದು ಪಟ್ಟಿ ಸಿಕ್ಕಿತು. ಎನ್ವಿರಾನ್ಮೆಂಟ್ ವೇರಿಯಬಲ್ಸ್ ಎನ್ನುತ್ತಾರೆ. ದೊಡ್ಡ ವಿದ್ಯೆಯೇನಲ್ಲ: ಎಡಗಡೆ ಒಂದು ಹೆಸರು, ಬಲಗಡೆ ಒಂದು ದಾರಿ. ಉದ್ದ ದಾರಿಯನ್ನು ಪೂರಾ ಹೇಳುವ ಬದಲು ಆ ಹೆಸರು ಹೇಳಿದರೆ ಸಾಕು. ಹೆಚ್ಚಿನವು ಕಂಪ್ಯೂಟರೇ ಇಟ್ಟುಕೊಂಡವು, ನಮಗೆ ಬೇಡದವು. ನಡುವೆ ಒಂದು ಮಾತ್ರ ಮನುಷ್ಯರ ಹೆಸರು. GIRIJA.

ಫೋಲ್ಡರಿನ ಮೇಲ್ಗಡೆ ದಾರಿ ಬರೆಯುವ ಜಾಗದಲ್ಲಿ %GIRIJA% ಎಂದು ಟೈಪು ಮಾಡಿ ಒತ್ತಿದೆ. ಡಿ ಡ್ರೈವಿನಲ್ಲಿ ಕಣ್ಣಿಗೆ ಕಾಣದ ಹಾಗೆ ಮರೆಮಾಡಿದ್ದ ಒಂದು ಫೋಲ್ಡರು ತೆರೆಯಿತು. ಒಳಗೆ ಹನ್ನೊಂದು ಧ್ವನಿ ಕಡತಗಳು. ಮೊದಲನೆಯದನ್ನು ಹಾಕಿದೆ.

"ಗಿರಿಜಾ," ಎಂದಿತು ಒಡಕು ದನಿ. ಆಮೇಲೆ ಕೆಮ್ಮು. "ಇದನ್ನ ಕೇಳ್ತಿರೋದು ಗಿರಿಜಾ ಅಲ್ದಿದ್ರೆ, ದಯಮಾಡಿ ಅವಳನ್ನ ಕರೀರಿ. ನಾನು ಕಾಯ್ತಿರ್ತೀನಿ."

ಆಮೇಲೆ ಮಾತಿಲ್ಲ. ಕಡತ ಮುಗಿದಿರಲಿಲ್ಲ, ಓಡುತ್ತಲೇ ಇತ್ತು. ಉಸಿರು ಕೇಳುತ್ತಿತ್ತು. ದೂರದಲ್ಲೆಲ್ಲೋ ಕಾಯಿ ಬಿದ್ದ ಸದ್ದು. ಮತ್ತೆ ಉಸಿರು. ನಿಜಕ್ಕೂ ಕಾಯುತ್ತಿದ್ದರು — ನಾನು ಎದ್ದು ಹೋಗಿ ಕರೆಯಲಿ ಎಂದು. ನಾನು ಎದ್ದೆ. ಎದ್ದು ಸ್ಪೀಕರಿನ ವೈರು ಕಿತ್ತೆ.

ಪೆನ್‌ಡ್ರೈವಿಗೆ ಹಾಕಿ ಕೊಡಲು ಹತ್ತು ನಿಮಿಷ ಸಾಕಿತ್ತು. ಕೊಡಲಿಲ್ಲ. ಕೊಟ್ಟಿದ್ದರೆ, ನೋಡದೆ ಇಲ್ಲ ಎಂದೆ ಅಂತ ಒಪ್ಪಬೇಕಿತ್ತು. ಕೊಬ್ಬರಿ ಮಂಡಿಯಲ್ಲಿ ನನ್ನ ಮಾತಿಗೆ ತೂಕವಿದೆ. ಅದು ಹೋದೀತು ಎಂದುಕೊಂಡೆ. ಬಿಲ್ಲಿನ ಪ್ರೋಗ್ರಾಂ ನಾನೇ ಹೇಳಿ ಮಾಡಿಸಿದ್ದು ಅಂತ ಅಕ್ಕಪಕ್ಕದವರಿಗೆ ಕೊಚ್ಚಿಕೊಂಡದ್ದೂ ಇತ್ತು. ನಾಳೆ, ಸೀಸನ್ ಮುಗಿಯಲಿ, ಹಬ್ಬ ಕಳೆಯಲಿ... ಆರು ವರ್ಷ ಆ ಉಸಿರಿನ ಪಕ್ಕದಲ್ಲೇ ಕೂತು ಬಿಲ್ಲು ಹೊಡೆದೆ. ಸ್ಪೀಕರನ್ನು ಮತ್ತೆ ಸಿಕ್ಕಿಸಲೇ ಇಲ್ಲ.

ಹೋದ ತಿಂಗಳು ಅಂಗಡಿಗೆ ಹೊಸ ಕಂಪ್ಯೂಟರು ಬಂತು; ಹಳೆಯದನ್ನು ಗುಜರಿಗೆ ಹಾಕಲು ಮನಸ್ಸಾಗದೆ, ಆ ಮೆಷಿನ್ನನ್ನೇ ಕಾರಿನಲ್ಲಿಟ್ಟುಕೊಂಡು ಕಂದಿಕೆರೆಗೆ ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಉರು ಹೊಡೆದಿದ್ದೆ. ಅಂಗಳದಲ್ಲಿ ಕಾಯಿ ಆರಿಸುತ್ತಿದ್ದ ಗಿರಿಜಮ್ಮ ನನ್ನ ಬಾಯಿಯನ್ನೇ ನೋಡುತ್ತಾ ನಿಂತರು.

"ನಿಧಾನಕ್ಕೆ ಹೇಳಿ ಅಣ್ಣ. ಹೋದೊರ್ಸ ಜ್ವರ ಬಂದು ಎರಡು ಕಿವೀನೂ ತಗಂಡೋಯ್ತು. ಕಿವಿ ಮಿಷಿನ್ ಹಾಕುದ್ರೆ ಗುಂಯ್ ಅಂತದೆ, ಮಾತು ತಿಳಿಯಲ್ಲ."

ನಿಧಾನಕ್ಕೆ ಹೇಳಿದರೂ ನನ್ನ ತುಟಿ ಅವರಿಗೆ ತಿಳಿಯಲಿಲ್ಲ; ನನ್ನ ತಪ್ಪನ್ನು ನಾನು ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಬೇಕಾಯಿತು. ಬಾಯಲ್ಲಾಗಿದ್ದರೆ ಸುತ್ತಿಬಳಸಿ ಹೇಳುತ್ತಿದ್ದೆನೇನೋ. ಹಾಳೆಯಲ್ಲಿ ಜಾಗ ಇದ್ದದ್ದು ಎರಡು ಸಾಲಿಗೆ. ಅವರು ಓದಿದರು. ಮತ್ತೊಮ್ಮೆ ಓದಿದರು. ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಒಳಗೆ ಬನ್ನಿ ಎಂದು ಕೈ ತೋರಿದರು.

ಮೆಷಿನ್ ಜೋಡಿಸಿ ದನಿ ಹಾಕಿದೆ. ಅವರು ಸ್ಪೀಕರಿನ ಮೇಲೆ ಅಂಗೈ ಇಟ್ಟರು.

"ನಡುಗ್ತದೆ," ಎಂದರು. "ಅವ್ರೇನಾ?"

ಹೌದೆಂದು ತಲೆಯಾಡಿಸಿದೆ.

"ಅವ್ರ ತುಟಿ ಕಂಡಿದ್ರೆ ತಿಳ್ಕಂತಿದ್ದೆ. ಇದುಕ್ಕೆ ತುಟಿ ಇಲ್ವಲ್ಲ." ಕೈ ತೆಗೆಯದೆಯೇ ಹೇಳಿದರು: "ಬರ್ದು ಕೊಡಿ. ಒಂದಕ್ಷರ ಬಿಡಂಗಿಲ್ಲ. ಕೆಮ್ಮಿದ್ರೆ ಕೆಮ್ಮುದ್ರು ಅಂತ ಬರೀರಿ."

ಈಗ ವಾರಕ್ಕೆರಡು ದಿನ ಅಲ್ಲಿಗೆ ಹೋಗಿ, ಕೇಳಿಕೊಂಡು ಬರೆಯುತ್ತಿದ್ದೇನೆ. ನಾಲ್ಕು ಕಡತ ಆಗಿವೆ. ಒಂದರಿಂದ ಒಂದಕ್ಕೆ ದನಿ ಸವೆಯುತ್ತಾ ಹೋಗುತ್ತದೆ. ಗಂಡ ಹೆಂಡತಿಗೆ ಮಾತ್ರ ಆಡಿದ ಮಾತುಗಳು — ಬೇರೆಯವನೊಬ್ಬ ಕೇಳಬಾರದ ಮಾತುಗಳು — ನನ್ನ ಕಿವಿಯಿಂದ ಹಾದು, ನನ್ನ ಕೈಬರಹದಲ್ಲಿ ಅವರಿಗೆ ಸಿಗುತ್ತಿವೆ. ಇದಕ್ಕೆ ಕ್ಷಮೆ ಕೇಳುವುದು ಹೇಗೆಂದು ನನಗೆ ತಿಳಿದಿಲ್ಲ, ಕೇಳಿಯೂ ಇಲ್ಲ.

ನಿಮಗೆ ಒಂದು ಮಾತು. ಹಳೆಯ ಕಂಪ್ಯೂಟರು ಕೊಳ್ಳುವಾಗಾಗಲಿ, ಮಾರುವಾಗಾಗಲಿ, ಪರದೆ ಖಾಲಿ ಇದೆಯೆಂದು ನಂಬಬೇಡಿ. ಯೂಸರ್ಸ್ ಫೋಲ್ಡರಿನಲ್ಲಿ ಯಾರ ಹೆಸರಿದೆ ನೋಡಿ. ಮರೆಮಾಡಿದ ಫೋಲ್ಡರುಗಳು ಕಾಣುವಂತೆ ಮಾಡಿಕೊಳ್ಳಿ. ಎನ್ವಿರಾನ್ಮೆಂಟ್ ವೇರಿಯಬಲ್ಸ್ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು ಸಿಕ್ಕರೆ ಅಳಿಸಬೇಡಿ. ಅದರ ಮುಂದಿನ ದಾರಿ ಹಿಡಿದು ಕೊನೆಯವರೆಗೂ ಹೋಗಿ. ಮನೆಯವರಿಗೆ ಸೇರಿದ್ದು ಸಿಕ್ಕರೆ ಬೆಲೆ ಮಾತಾಡುವ ಮೊದಲೇ ಪೆನ್‌ಡ್ರೈವಿಗೆ ಹಾಕಿ ಕೊಡಿ. ಕೊಟ್ಟು, ಅವರು ಅದನ್ನು ಪೂರ್ತಿ ಕೇಳಿದರು ಎಂದು ಖಾತ್ರಿಯಾದ ಮೇಲೆ ಎದ್ದು ಬನ್ನಿ.