ಎರಡು ಸಲ ಬಡಿದರೆ ರೈಟ್

ಇದನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಹಿಂದೆ ಮುಂದೆ ನೋಡಿದ್ದೇನೆ. ಬಿಜಾಪುರ ಜಿಲ್ಲೆಯ ಇಂಡಿ ಎಂಬ ಊರಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವನು ನಾನು. ಮಾಟದ ನಿಂಬೆಹಣ್ಣು ಕೊಯ್ದರೆ ರಕ್ತ ಬರುತ್ತದೆ ಎಂದು ಯಾರಾದರೂ ಹುಡುಗರನ್ನು ಹೆದರಿಸಿದರೆ, ಚಾಕುವಿಗೆ ದಾಸವಾಳ ತಿಕ್ಕಿ ಒಣಗಿಸಿ, ನಮ್ಮೂರಿನ ನಿಂಬೆಹಣ್ಣನ್ನೇ ತರಗತಿಯಲ್ಲಿ ಕೊಯ್ದು ಕೆಂಪು ರಸ ತೋರಿಸುತ್ತಿದ್ದೆ. ದೆವ್ವ ಕಂಡವರು ಮೊದಲು ಕಣ್ಣಿನ ಡಾಕ್ಟರನ್ನು ಕಾಣಬೇಕು ಎನ್ನುವುದು ನನ್ನ ದಿನದ ಮಾತು. ಆ ಹುಡುಗರೆಲ್ಲ ಈಗ ಮಕ್ಕಳ ತಂದೆಯರಾಗಿದ್ದಾರೆ. ಇದನ್ನು ಓದಿದರೆ, ಮಾಸ್ತರರಿಗೆ ಅರಳು ಮರಳು ಎಂದು ನಕ್ಕಾರು. ನಗಲಿ ಬಿಡಿ. ನಡೆದದ್ದನ್ನು ನಡೆದ ಹಾಗೆ ಹೇಳಿ ಸುಮ್ಮನಾಗುತ್ತೇನೆ.

ಮೊದಲು ನನ್ನ ಹೆಂಡತಿ ಕಮಲಾಳ ವಿಷಯ ಹೇಳಬೇಕು, ಆಮೇಲೆ ನಮ್ಮ ಗಾಡಿಯ ವಿಷಯ. ಮದುವೆಯಾದ ಮೂರನೆಯ ವರ್ಷ ಅವಳು ಹೆರಿಗೆಗೆಂದು ಮಿಶನ್ ಆಸ್ಪತ್ರೆ ಸೇರಿ ಎರಡು ತಿಂಗಳು ಅಲ್ಲೇ ಮಲಗಿದಳು. ಕೂಸು ಉಳಿಯಲಿಲ್ಲ. ಕಮಲಾ ಉಳಿದದ್ದು ಅಲ್ಲಿನ ಒಬ್ಬ ಸಿಸ್ಟರ್ ದೆಸೆಯಿಂದ. ಆಕೆ ಹಾಸಿಗೆಯ ಪಕ್ಕ ಕುಳಿತು ಚಮಚ ಚಮಚ ಗಂಜಿ ಕುಡಿಸಿದ್ದರು. ಹೊರಡುವ ದಿನ ಕಮಲಾ ಅವರ ಕೈ ಹಿಡಿದು, "ನಿಮ್ಮ ಋಣ ಹೆಂಗ ತೀರಸ್ಲಿರಿ ಸಿಸ್ಟರ್?" ಎಂದು ಅತ್ತಳು. ಅವರು ನಕ್ಕು, "ಎಂದಾರ ನಮ್ಮ ಚರ್ಚಿನ ಹುಡುಗ್ರಿಗೆ ನಾಕ ರೊಟ್ಟಿ ಬಡದ ಹಾಕ್ರಿ, ತೀರ್ತು" ಎಂದರು. ಅವರಿಗೆ ಅದು ಮಾತಿನ ಮಾತು. ಇವಳು ಮಾತ್ರ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಇಪ್ಪತ್ತೈದು ವರ್ಷ ಕಾದಳು.

ನಾನು ನಿವೃತ್ತನಾದ ವರ್ಷ ಗಂಟು ಬಿಚ್ಚಿತು. ತೊಂಬತ್ತರ ದಶಕದ ಕೊನೆಯ ಮಾತು. ಆಗ ಏಪ್ರಿಲ್, ಮೇ ತಿಂಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಒಂದಾದ ಮೇಲೊಂದು ಚರ್ಚಿನವರ ಮಕ್ಕಳ ಶಿಬಿರಗಳು ನಡೆಯುತ್ತಿದ್ದವು. ಒಂದೊಂದು ಕಡೆ ಹತ್ತು ದಿನ. ಹಳ್ಳಿಗಳಿಂದ ಹುಡುಗರು ಬಂದು ಹಾಡು, ಬೈಬಲ್ಲಿನ ಕಥೆ, ಆಟ ಅಂತ ಇರುತ್ತಿದ್ದರು. ಅವರಿಗೆಲ್ಲ ರೊಟ್ಟಿ ಬಡಿಯುವ ಕೆಲಸ ಕಮಲಾ ತಾನಾಗಿ ಕೇಳಿ ತೆಗೆದುಕೊಂಡಳು. ಊರಿಂದೂರಿಗೆ ಹೋಗಲು ನಾನು ಒಂದು ಹಳೆಯ ಮೆಟಡಾರ್ ತಂದೆ. ಅದು ಮೊದಲು ನಿಂಬೆಹಣ್ಣಿನ ಚೀಲ ಹೊರುತ್ತಿದ್ದ ಗಾಡಿ. ಎಷ್ಟು ತೊಳೆದರೂ ಆ ವಾಸನೆ ಹೋಗಲಿಲ್ಲ. ಹಿಂದೆ ಒಂದು ಹಲಗೆಯ ಮಂಚ, ಒಂದು ಸ್ಟೋವ್, ನೀರಿನ ಡ್ರಮ್ಮು, ಪಾತ್ರೆಗಳಿಗೆ ಗೂಟ. ನನ್ನ ಸೀಟಿಗೂ ಮಂಚಕ್ಕೂ ನಡುವೆ ಒಂದು ತಗಡಿನ ಗೋಡೆ. ಶಿಬಿರದ ಹುಡುಗರು ಆ ಮೆಟಡಾರಿಗೆ ಗಾಡಿಮನಿ ಎಂದು ಹೆಸರಿಟ್ಟರು.

ಓಣಿಯವರು ಸುಮ್ಮನಿದ್ದಾರೆಯೇ? "ಮಾಸ್ತರ, ಕೊರಳಾಗಿನ ಲಿಂಗ ಐತೋ, ತಗದಿಟ್ರೋ?" ಎಂದು ಕೇಳಿದರು. ನಾನು ತಡವರಿಸುವಷ್ಟರಲ್ಲಿ ಕಮಲಾ, "ಲಿಂಗ ಕೊರಳಾಗ ಐತಿ, ಹಿಟ್ಟು ಕೈಯಾಗ ಐತಿ. ಅವೆರಡೂ ಜಗಳಾ ಆಡಿಲ್ಲ, ನಿಮಗ್ಯಾಕ ಚಿಂತಿ?" ಎಂದಳು. ಶಿಬಿರದಲ್ಲಿ ಬೆಳಗಿನ ಪ್ರಾರ್ಥನೆಯ ಗಂಟೆ ಹೊಡೆಯುವ ಮುಂಚೆಯೇ ಗಾಡಿಮನಿಯಲ್ಲಿ ನಮ್ಮ ಲಿಂಗಪೂಜೆ ಮುಗಿದಿರುತ್ತಿತ್ತು. ನಮ್ಮನ್ನು ಅಲ್ಲಿ ಯಾರೂ ಏನೂ ಕೇಳಲಿಲ್ಲ. ನಾನು ಹುಡುಗರಿಗೆ ನಿಂಬೆಹಣ್ಣಿನ ಆಟ ತೋರಿಸುತ್ತಿದ್ದೆ, ಕೆಟ್ಟ ನಳ ರಿಪೇರಿ ಮಾಡುತ್ತಿದ್ದೆ, ಸಂಜೆ ಕಮಲಾಳ ಬೈಗುಳ ತಿನ್ನುತ್ತಿದ್ದೆ.

ಕಮಲಾಳ ತಂದೆ ಬಸ್ ಕಂಡಕ್ಟರ್ ಆಗಿದ್ದವರು. ಟಿಕೀಟಿಗೆ ತೂತು ಹಾಕುವ ಇಕ್ಕಳದಿಂದ ಬಸ್ಸಿನ ಸರಳಿಗೆ ಒಂದು ಸಲ ಬಡಿದರೆ ಹೋಲ್ಡಾನ್, ಗಾಡಿ ನಿಲ್ಲಬೇಕು; ಎರಡು ಸಲ ಬಡಿದರೆ ರೈಟ್, ಹೊರಡಬೇಕು. ಮಗಳು ಆ ಕಾಯಿದೆಯನ್ನು ನನ್ನ ಗಾಡಿಗೂ ತಂದಳು. ಕುಳಿತರೆ ಅವಳ ಕಾಲು ಬಾತುಕೊಳ್ಳುತ್ತಿದ್ದವು, ಹೀಗಾಗಿ ಹಿಂದೆ ಮಂಚದ ಮೇಲೆ ಒರಗಿಕೊಂಡೇ ಬರುತ್ತಿದ್ದಳು. ಪಾತ್ರೆಗಳ ಗದ್ದಲದಲ್ಲಿ ನನ್ನ ಕೂಗು ಅವಳಿಗೆ ಕೇಳುತ್ತಿತ್ತು, ಅವಳ ಸಣ್ಣ ದನಿ ನನಗೆ ಕೇಳುತ್ತಿರಲಿಲ್ಲ. ಆದ್ದರಿಂದ ಒಲೆಯ ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದು, ಅದರಿಂದಲೇ ತಗಡಿಗೆ ಬಡಿದು ಉತ್ತರ ಕೊಡುತ್ತಿದ್ದಳು. ಚಹಾ ಕುಡಿಯೋಣವೇ ಎಂದು ನಾನು ಕೂಗಿದರೆ, ಎರಡು ಬಡಿತ ಹೂಂ, ಒಂದು ಬಡಿತ ಉಹೂಂ. ಮೂರು ಬಡಿದಳೆಂದರೆ ನನ್ನ ಮೇಲೆ ಸಿಟ್ಟು. ರೈಟ್ ಇಲ್ಲದೆ ಗಾಡಿ ಅಲುಗಿದರೆ ಡ್ರೈವರ್ ಸಸ್ಪೆಂಡ್ ಎಂಬ ಕಾಯಿದೆಯೂ ಇತ್ತು. ಮೂರು ಬೇಸಿಗೆ ಹೀಗೆ ಸುಖವಾಗಿ ಕಳೆದವು.

ನಾಲ್ಕನೆಯ ಬೇಸಿಗೆ ಶುರುವಾಗುವ ಮುಂಚೆ ಅವಳಿಗೆ ಮೆಟ್ಟಿಲು ಹತ್ತಿದರೆ ದಮ್ಮು ಬರತೊಡಗಿತು. ಬಿಜಾಪುರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ತಪಾಸಣೆ ಮಾಡಿ, ನನ್ನೊಬ್ಬನನ್ನೇ ಹೊರಗೆ ಕರೆದು, ಹೃದಯ ಸೋತಿದೆ, ಇನ್ನು ಮೇಲೆ ಮನೆಯಲ್ಲಿ ಆರಾಮವಾಗಿ ಇರಲಿ, ಈ ತಿರುಗಾಟ ಸಾಕು ಎಂದರು. ನಾನು ಒಳಗೆ ಬಂದು ಕಮಲಾಳಿಗೆ, "ಏನಿಲ್ಲ, ನಿಶ್ಶಕ್ತಿ ಅಂತ" ಎಂದೆ. ಇಂಡಿಯ ಶಿಬಿರ ಮುಗಿಯಲಿ, ಹೇಳಿದರಾಯಿತು ಅಂದುಕೊಂಡೆ. ಅದು ಮುಗಿಯಿತು. ಸಿಂದಗಿಯದೂ ಮುಗಿಯಿತು. ಅವಳು ಹೆದರುತ್ತಾಳೆಂದು ಹೇಳಲಿಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅದು ಅರ್ಧ ಸುಳ್ಳು. ಗಾಡಿ ನಿಂತುಬಿಟ್ಟರೆ ನನ್ನ ಗತಿಯೇನು ಎಂಬ ಆಸೆಬುರುಕತನವೂ ಅದರಲ್ಲಿತ್ತು.

ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಹೊರಟ ದಿನ. ಮಧ್ಯಾಹ್ನ ಊಟ ಮುಗಿಸಿ ಬಿಟ್ಟೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಂಜಿನ್ ಕಾದು, ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದೆ. ಯಂಕಂಚಿಯ ಕಡೆ ಹೋಗುವ ಟೆಂಪೋ ಕಾಯುತ್ತ ಒಬ್ಬ ಮುದುಕಿ ಅಲ್ಲಿ ಕುಳಿತಿದ್ದಳು. ನಾನು ನೀರು ಹಾಕಿ, ಮುಖಕ್ಕೆ ಎರಡು ಹನಿ ಚಿಮುಕಿಸಿಕೊಂಡು, ಸೀಟಿಗೆ ಬಂದು ಕುಳಿತೆ. ತಲೆಯಲ್ಲಿ ಡಾಕ್ಟರ ಮಾತೇ ತಿರುಗುತ್ತಿತ್ತು. ಹಿಂದಿನಿಂದ ಟಕ್, ಟಕ್ ಎಂದು ಎರಡು ಸಲ ಕೇಳಿತು. ಗಾಡಿ ಬಿಟ್ಟೆ.

ಎರಡೂ ಕಡೆ ಉತ್ತು ಬಿಟ್ಟ ಕರಿ ಹೊಲ. ರಸ್ತೆಯ ಮೇಲೆ ನಾಯಿಯೂ ಇರಲಿಲ್ಲ. ಮುಖ ನೋಡಿ ಹೇಳಲಾಗದ್ದನ್ನು ತಗಡಿಗಾದರೂ ಹೇಳಬಹುದು ಎಂದು ನನಗೆ ಒಮ್ಮೆಲೇ ಅನ್ನಿಸಿತು. ಕೂಗಿ ಹೇಳತೊಡಗಿದೆ. "ಕಮಲಾ, ಅವತ್ತ ಡಾಕ್ಟರು ನನ್ನ ಹೊರಗ ಕರದಿದ್ರಲ್ಲ, ನಾ ನಿನ್ನ ಮುಂದ ಸುಳ್ಳ ಹೇಳೇನಿ" ಎಂದು ಶುರುಮಾಡಿ, ಎಲ್ಲವನ್ನೂ ಹೇಳಿದೆ. ಹೃದಯದ ಮಾತು, ಮನೆಯಲ್ಲೇ ಇರಬೇಕೆಂಬ ಮಾತು, ನನ್ನ ಹೆದರಿಕೆ, ನನ್ನ ಆಸೆ. ಕೊನೆಗೆ, "ನಾ ಒಬ್ನ ಇದನ್ನ ತೀರ್ಮಾನ ಮಾಡಾಕ ಆಗೂದಿಲ್ಲ. ನೀನ ಹೇಳು, ಗಾಡಿ ಮುಂದ ನಡಸ್ಲೇನು?" ಎಂದು ಕೇಳಿದೆ.

ಬಹಳ ಹೊತ್ತು ಪಾತ್ರೆಗಳ ಸಪ್ಪಳವೊಂದೇ. ಅಳುತ್ತಿದ್ದಾಳೇನೋ ಅಂದುಕೊಂಡೆ. ಆಮೇಲೆ ತಗಡಿನ ಮೇಲೆ, ನನ್ನ ಬೆನ್ನ ಹಿಂದೆಯೇ, ಟಕ್. ಇನ್ನೊಮ್ಮೆ, ಟಕ್. ಅವಸರವಿಲ್ಲದ, ಸ್ಪಷ್ಟವಾದ ಎರಡು ಬಡಿತ. ಮೂರನೆಯದು ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ನನ್ನ ಕಣ್ಣು ತುಂಬಿ ರಸ್ತೆ ಮಂಜಾಯಿತು. ಹೆಂಡತಿಯ ಧೈರ್ಯಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಡೋಣಿ ಹೊಳೆಯ ಸೇತುವೆ ಹತ್ತಿರ ಬಂದಾಗ ಗಾಡಿ ನಿಲ್ಲಿಸಿ, ಅವಳ ಮುಖ ನೋಡೋಣವೆಂದು ಹಿಂದಿನ ಬಾಗಿಲು ತೆಗೆದೆ. ಮಂಚದ ಮೇಲೆ ಯಾರೂ ಇರಲಿಲ್ಲ. ದಿಂಬಿನ ಮೇಲೆ ತಲೆ ಇಟ್ಟ ಗುರುತು ಇತ್ತು, ಚಪ್ಪಲಿ ಇರಲಿಲ್ಲ. ಒಳಗಿನ ಚಿಲಕ ಹಾಕಿರಲಿಲ್ಲ. ನನ್ನ ಮಾತು ಕೇಳಿ, ಉತ್ತರ ಕೊಟ್ಟು, ಆಮೇಲೆ ಬಾಗಿಲು ತೆರೆದುಕೊಂಡು ರಸ್ತೆಯ ಮೇಲೆ ಬಿದ್ದಳೇ? ಅಥವಾ ತಾನಾಗಿ? ಆ ಯೋಚನೆಯನ್ನು ಪೂರ್ತಿ ಮಾಡುವ ಎದೆಗಾರಿಕೆ ನನಗಿರಲಿಲ್ಲ. ಗಾಡಿ ಹೊರಳಿಸಿ, ರಸ್ತೆಯ ಎರಡೂ ಬದಿಗೆ ಅವಳ ಹಸಿರು ಸೀರೆ ಹುಡುಕುತ್ತ ಬಂದ ಆ ಹದಿನೈದು ಮೈಲಿಯನ್ನು ನನ್ನ ವೈರಿಗೂ ದೇವರು ಕೊಡಬಾರದು.

ಕಮಲಾ ಅದೇ ಬೇವಿನ ಮರದ ಕೆಳಗೆ, ಮುದುಕಿಯ ಬುತ್ತಿಯ ರೊಟ್ಟಿ ತಿನ್ನುತ್ತ ಕುಳಿತಿದ್ದಳು. ನನ್ನನ್ನು ಕಂಡವಳೇ, "ಬಂದ ನೋಡ್ರಿ ಡ್ರೈವರ್, ಸಸ್ಪೆಂಡ್!" ಎಂದಳು. ನಾನು ಓಡಿಹೋಗಿ ಅವಳ ಎರಡೂ ಕೈ ಹಿಡಿದುಕೊಂಡೆ. ಮದುವೆಯಾದಾಗಿನಿಂದ ಪರರ ಎದುರು ನಾನು ಅವಳ ಕೈ ಮುಟ್ಟಿದವನಲ್ಲ.

ಮುದುಕಿ ನನ್ನ ಮುಖ ನೋಡಿ, "ಬಿಟ್ಟ ಹೋದಾವನೂ ನೀನ, ಅಳಾವನೂ ನೀನ. ಚೊಲೊ ಐತಪಾ ನಿನ್ನ ಸಂಸಾರ" ಎಂದಳು.

"ನೀ ರೈಟ್ ಹೊಡದೆಲ್ಲ? ಅದಕ್ಕ ಬಿಟ್ನಿ" ಎಂದೆ.

ಕಮಲಾ ಸೊಂಟದಿಂದ ಇಕ್ಕಳ ತೆಗೆದು ತೋರಿಸಿದಳು. "ಇದು ಇಲ್ಲೇ ಐತಿ, ನಾನೂ ಇಲ್ಲೇ ಅದೇನಿ. ಬಯಲಕಡಿಗೆ ಹೋಗಿ ಬರೂದ್ರಾಗ ನೀವು ಧೂಳ ಎಬ್ಬಿಸಿ ಹೊಂಟಿದ್ರಿ. ಎಷ್ಟ ಕೂಗಿದೆ! ಕೇಳ್ರಿ ಬೇಕಾದ್ರ ಈ ಅವ್ವನ್ನ."

ಮುದುಕಿ ತಲೆಯಾಡಿಸಿದಳು. "ಮತ್ತ ಆಮ್ಯಾಲ ನಾ ಕೇಳಿದಾಗನೂ ಎರಡ ಬಡದೆಲ್ಲ?" ಎಂದುಬಿಟ್ಟೆ.

"ಏನ ಕೇಳಿದ್ರಿ?" ಎಂದಳು ಕಮಲಾ.

ಮಾಸ್ತರ ಸಿಕ್ಕುಬಿದ್ದ. ತಗಡಿಗೆ ಹೇಳಿದ್ದನ್ನೆಲ್ಲ ಈಗ ಅವಳ ಮುಖ ನೋಡಿ ಎರಡನೆಯ ಸಲ ಹೇಳಬೇಕಾಯಿತು. ಅವಳು ಇಕ್ಕಳವನ್ನು ತೆರೆಯುತ್ತ ಮುಚ್ಚುತ್ತ ಕೇಳಿಸಿಕೊಂಡಳು. ಮುಗಿದ ಮೇಲೆ, "ಎಷ್ಟ ಸಪ್ಪಳ ಆತಂದ್ರಿ?" ಎಂದಳು.

"ಎರಡ."

ಅವಳು ಇಕ್ಕಳವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಂಗಾದ್ರ ನಾ ಹೂಂ ಅಂದಂಗಾತಲ್ಲ. ಏಳ್ರಿ, ಮುದ್ದೇಬಿಹಾಳದಾಗ ಹುಡುಗ್ರು ಹಸದ ಕುಂತಿರ್ತಾವ" ಎಂದು ಎದ್ದು, ಹಿಂದಿನ ಬಾಗಿಲಿಗೆ ಹೋಗದೆ ಮುಂದೆ ನನ್ನ ಪಕ್ಕದಲ್ಲಿ ಹತ್ತಿ ಕುಳಿತಳು. ಅಂದಿನಿಂದ ಅವಳು ಮಂಚದ ಮೇಲೆ ಪ್ರಯಾಣ ಮಾಡಲೇ ಇಲ್ಲ. ಕಾಲು ಬಾತರೆ ಬಾಯಲಿ ಎನ್ನುತ್ತಿದ್ದಳು.

ಆಮೇಲೆ ನಾಲ್ಕು ಬೇಸಿಗೆ ತಿರುಗಿದೆವು. ವಿಷಯ ತಿಳಿದ ಮೇಲೆ ಶಿಬಿರದ ಸಿಸ್ಟರುಗಳು ಅವಳಿಗೆ ದೊಡ್ಡ ಪಾತ್ರೆ ಮುಟ್ಟಗೊಡಲಿಲ್ಲ. ಮಣೆಯ ಮೇಲೆ ಕುಳಿತು ರೊಟ್ಟಿ ಬಡಿಯುವುದು, ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುವುದು, ಇಷ್ಟೇ ಕೆಲಸ. ಅಗರಖೇಡದ ಒಬ್ಬ ಹುಡುಗಿ ಅವಳಿಂದ ರೊಟ್ಟಿ ಬಡಿಯುವುದನ್ನು ಕಲಿತು, ಅವಳಿಗಿಂತ ತೆಳ್ಳಗೆ ಬಡಿಯತೊಡಗಿದಾಗ ಕಮಲಾ ಊರೆಲ್ಲ ಹೇಳಿಕೊಂಡು ಬಂದಳು.

ನಾನು ಸುಮ್ಮನೆ ಬಿಡುವವನಲ್ಲ. ಅದೇ ರಸ್ತೆಯ ಮೇಲೆ, ಅದೇ ಪಾತ್ರೆಗಳನ್ನು ಅದೇ ಗೂಟಕ್ಕೆ ತೂಗುಹಾಕಿ, ಅದೇ ವೇಗದಲ್ಲಿ ಮೂರು ಸಲ ಗಾಡಿ ಓಡಿಸಿದೆ. ಗಲಗಲ ಎಂದಿತೇ ಹೊರತು ಒಮ್ಮೆಯೂ ಟಕ್ ಟಕ್ ಎನ್ನಲಿಲ್ಲ. ಪಕ್ಕದಲ್ಲಿ ಕುಳಿತ ಕಮಲಾ, "ಯಾರಿಗಿ ಪರೀಕ್ಷಾ ಇಟ್ಟೀರಿ ಮಾಸ್ತರ?" ಎಂದು ನಗುತ್ತಿದ್ದಳು. ತೀರಿಹೋದ ನಿಮ್ಮ ತಂದೆಯೇ ಬಂದಿದ್ದರೇನೋ ಎಂದು ಒಮ್ಮೆ ಚೇಷ್ಟೆ ಮಾಡಿದೆ. ಅವಳಿಗೆ ಸಿಟ್ಟೇ ಬಂತು. "ನಮ್ಮಪ್ಪ ಒಬ್ಬ ಪ್ಯಾಸೆಂಜರ್‌ನ ಬಿಟ್ಟು ರೈಟ್ ಹೊಡದಾವ ಅಲ್ಲ. ಮಗಳನ್ನ ಬಿಟ್ಟ ಹೊಡದಾನೇನು?" ಎಂದಳು.

ಅವಳ ಕೊನೆಯ ಚಳಿಗಾಲದಲ್ಲಿ, ಒಂದು ದಿನ ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತವಳು ತಾನಾಗಿ ಆ ಮಾತು ತೆಗೆದಳು. "ಅವತ್ತ ನಾ ಗಾಡಿ ಒಳಗ ಇದ್ದಿದ್ರ ಒಂದ ಬಡೀತಿದ್ನಿರಿ" ಎಂದಳು.

ನಾನು ಓದುತ್ತಿದ್ದ ಪೇಪರನ್ನು ಕೆಳಗಿಟ್ಟೆ.

"ನನಗ ಸಾಕಾಗಿತ್ತು. ಒಳಗ ಏನೋ ಸರಿ ಇಲ್ಲಂತ ಎರಡ ವರ್ಷದಿಂದ ಗೊತ್ತಾಗಿತ್ತು. ಗಾಡಿ ಅಂದ್ರ ನಿಮ್ಮ ಜೀವ, ಹಂಗಂತ ಸುಮ್ನಿದ್ನಿ."

"ಮತ್ತ್ಯಾಕ ಹತ್ತಿದಿ?"

"ಯಾರೋ ನನ್ನ ಹೆಸರ್ಲೆ ಹೂಂ ಅಂದಿದ್ರಲ್ಲ, ನೋಡೂಣು ಅಂತ ಹತ್ತಿದೆ. ಹತ್ತಿದ್ದು ಚೊಲೊ ಆತು. ಮನ್ಯಾಗ ಕುಂತಿದ್ರ ಬರೇ ನನ್ನ ಎದಿ ಸಪ್ಪಳ ಕೇಳ್ಕೋತ ಕುಂದರ್ತಿದ್ನಿ. ಯಾರ ಬಡದ್ರೋ, ಅವರ ಬಾಯಾಗ ಸಕ್ಕರಿ ಬೀಳ್ಲಿ." ಹೀಗೆಂದು ಬುಟ್ಟಿಯಲ್ಲಿದ್ದ ಸಿಪ್ಪೆಯನ್ನು ಊದಿದಳು. ಶಿವರಾತ್ರಿಗೆ ಮುಂಚೆ ಹೋಗಿಬಿಟ್ಟಳು.

ಅವಳು ಮನೆಯಲ್ಲೇ ಇದ್ದಿದ್ದರೆ ಇನ್ನೆರಡು ವರ್ಷ ಬದುಕುತ್ತಿದ್ದಳೋ, ಅಥವಾ ಆ ನಾಲ್ಕು ವರ್ಷವೂ ದಕ್ಕುತ್ತಿರಲಿಲ್ಲವೋ, ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಆ ಬಡಿತ ಯಾರದು ಎನ್ನುವುದಂತೂ ಇವತ್ತಿಗೂ ಬಗೆಹರಿದಿಲ್ಲ. ಗಾಡಿಮನಿ ಈಗ ಹಿತ್ತಲಲ್ಲಿ ನಿಂತಿದೆ. ಇಕ್ಕಳವನ್ನು ಅದರ ಗೂಟಕ್ಕೇ ತೂಗುಹಾಕಿದ್ದೇನೆ. ಕೆಲವು ಮಧ್ಯಾಹ್ನ ಹೋಗಿ ಸೀಟಿನಲ್ಲಿ ಕೂಡುತ್ತೇನೆ, ನಿಂಬೆಯ ವಾಸನೆ ಇನ್ನೂ ಇದೆ. ತಗಡಿನ ಕಡೆ ಬೆನ್ನು ಮಾಡಿ, ಕಮಲಾ, ನಾ ಮಾಡಿದ್ದು ಸರಿ ಆತೇನು ಎಂದು ಕೇಳಬೇಕೆನ್ನಿಸುತ್ತದೆ. ಇಷ್ಟು ವರ್ಷವಾದರೂ ಕೇಳಿಲ್ಲ. ದೆವ್ವ ಇಲ್ಲ ಎಂದು ಊರಿಗೆಲ್ಲ ಹೇಳಿದ ನಾನು, ಎಲ್ಲಿ ಒಂದೇ ಸಲ ಬಡಿದೀತೋ ಎಂದು ಹೆದರುತ್ತೇನೆ.