ಸಮುದ್ರಕ್ಕಿಳಿದ ನಮ್ಮ ಭಾವ

ಗುಂಜೋಟಿಯಲ್ಲಿ ನಮ್ಮ ಭಾವ ಸಿದ್ಧಯ್ಯನವರಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಮನೆಮನೆಗೆ ಹೋಗಿ ಪೂಜೆ ಮಾಡಿಸುವ ಅಯ್ಯನವರು. ಗೃಹಪ್ರವೇಶಕ್ಕೆ ಕರೆದರೆ ನೀರಿನ ಟಾಕಿ ಎಲ್ಲಿರಬೇಕೆಂದು ಮನೆ ಕಟ್ಟಿದ ಗವಂಡಿಗೂ ಪಾಠ ಹೇಳಿ ಬರುತ್ತಾರೆ. ಈಜಂತೂ ಅವರ ಜಹಗೀರು. ಸೊಂಟಕ್ಕೆ ಖಾಲಿ ಡಬ್ಬಿ ಕಟ್ಟಿ ಹೊಲದ ಬಾವಿಗೆ ನೂಕುವುದೇ ಅವರ ಶಾಲೆ. ಹಾಗೆ ನೂಕಿಸಿಕೊಂಡೇ ನನ್ನ ಹತ್ತು ವರ್ಷದ ಮಗಳು ಪ್ರಣಿತಾ ಈಜು ಕಲಿತಳು. ದಂಡೆಯ ಮೇಲೆ ನಿಂತ ನಾನು ಎಷ್ಟು ಸಲ ಸತ್ತೆನೋ, ಯಾರೂ ಕೇಳಲಿಲ್ಲ.

ದೀಪಾವಳಿ ರಜೆಗೆ ಸಮುದ್ರ ದಂಡೆಯ ಮಾಲವಣಕ್ಕೆ ಹೋದೆವು. ಅಲ್ಲಿ ಬೋಟಿನಲ್ಲಿ ದೂರ ಕರೆದೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಹವಳದ ಗೋಡೆಯ ಪಕ್ಕ ನೀರೊಳಗೆ ಇಳಿಸುತ್ತಾರೆ. ಪ್ರಣಿತಾ ಹಟ ಹಿಡಿದಳು. ನಾನು ಬೇಡವೆಂದೆ.

"ಅಂಜಬ್ಯಾಡವಾ ಪೂನಮ್, ನಾ ಇದ್ದೀನಲ್ಲ. ಕೂಸಿನ ಕೈ ಬಿಡೂದಿಲ್ಲ," ಎಂದರು ಭಾವ. "ಬಾವಿ ತಳದಾಗಿನ ರಾಡಿ ಹಿಡಕೊಂಡು ಬಂದಾಂವ ನಾ. ಇದೇನ ಮಹಾ."

ಯಾರು ಕೇಳಿದ್ದರು ಇವರನ್ನು? ಆದರೂ ಆ ಮಾತಿನ ಮೇಲೆಯೇ ನಾನು ಹೂಂ ಎಂದದ್ದು ನಿಜ.

ಬೋಟಿನಲ್ಲಿ, ನೀರಿಗೆ ಇಳಿಸುವವನು ಭಾವನ ಕೊರಳಿನ ಬೆಳ್ಳಿ ಕರಡಿಗೆ ನೋಡಿ, "ಕಾಕಾ, ಗಳ್ಯಾತಲ ಕಾಢಾ," ಎಂದ. ಕೊರಳಿನದನ್ನು ತೆಗೆಯಬೇಕಂತೆ, ಗಾಳಿಯ ನಳಿಗೆಗೆ ತೊಡಕುತ್ತದಂತೆ.

"ಇದರಾಗ ಇಷ್ಟಲಿಂಗ ಅದ. ಜೀವ ಹೋದ್ರೂ ಮೈ ಬಿಟ್ಟು ಇಡಂಗಿಲ್ಲ."

ಹಾಗಾದರೆ ಬೋಟಿನಲ್ಲೇ ಕೂತಿರಿ ಎಂದ ಅವನು. ಭಾವ ಲಿಂಗವನ್ನು ಹೊರತೆಗೆದು ಎಡಗೈ ಮುಷ್ಟಿಯಲ್ಲಿ ಹಿಡಿದು, ಖಾಲಿ ಕರಡಿಗೆಯನ್ನು ಹೆಂಡತಿ ಅನುಸೂಯಾಬಾಯಿಗೆ ಕೊಟ್ಟರು. "ಅಂಗೈದಾಗ ಇದ್ರ ಪೂಜಾ ನಡದಂಗ."

"ಪೂಜಾಕ ಕುಂತ್ರ ಬಾವ್ಯಾಗ ಎಮ್ಮಿ ಬಿದ್ರೂ ಏಳೂದಿಲ್ಲ ಇವರು," ಎಂದು ಅನುಸೂಯಾ ಅಕ್ಕ, ಬೋಟಿನ ಓಲಾಟಕ್ಕೆ ಶುರುವಾಗಿದ್ದ ವಾಂತಿಯ ನಡುವೆಯೇ ಹೇಳಿದರು.

ಕಿವಿ ನೋವಾದರೆ ಮೂಗು ಹಿಡಿದು ಊದಿರಿ, ಹೋಗದಿದ್ದರೆ ಕೈಸನ್ನೆಯಿಂದ ಕಿವಿ ತೋರಿಸಿ, ಮೇಲೆ ತರುತ್ತೇವೆ ಎಂದು ಆತ ಎರಡು ಸಲ ಹೇಳಿದ. ಭಾವ ಅದೂ ತಮಗೆ ಮೊದಲೇ ಗೊತ್ತಿದ್ದವರಂತೆ ತಲೆ ಆಡಿಸಿದರು.

ಇಪ್ಪತ್ತು ನಿಮಿಷ ನಾನು ನೀರಿನ ಗುಳ್ಳೆಗಳನ್ನೇ ನೋಡುತ್ತ ಕೂತೆ. ಪ್ರಣಿತಾ ನಗುತ್ತ ಮೇಲೆ ಬಂದಳು. ಹಳದಿ ಮೀನು ಕಂಡವಂತೆ, ಕೆಳಗೆ ಕಪ್ಪಾಗುತ್ತ ಹೋಗುವ ಗೋಡೆ ಇತ್ತಂತೆ. ಹಿಂದೆ ಬಂದ ಭಾವನ ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ಸನ್ನೆ ಯಾಕೆ ಮಾಡಲಿಲ್ಲವೆಂದು ಇಳಿಸುವವನು ರೇಗಿದ.

"ಯಾವ ಕೈಲೆ ಮಾಡ್ಲೆಪಾ?" ಎಂದರು ಭಾವ. ಒಂದು ಕೈಯಲ್ಲಿ ಲಿಂಗ. ಇನ್ನೊಂದರಲ್ಲಿ ಪ್ರಣಿತಾ.

ಕಿವಿಯ ಪರದೆ ಹರಿದಿದೆ ಎಂದರು, ಊರಿಗೆ ಮರಳಿದ ಮೇಲೆ ತೋರಿಸಿದ ಉಮರ್ಗಾದ ಡಾಕ್ಟರು. ನನ್ನ ಕೇಳಿದರೆ ದಡ್ಡತನ ಇದು, ಬೇರೇನಲ್ಲ. ಮಗುವನ್ನು ಹಿಡಿಯಲು ಬೋಟಿನವರ ಪೈಕಿ ಬೇರೊಬ್ಬ ನೀರಿನಲ್ಲಿ ಜೊತೆಗಿದ್ದ. ಒಂದು ಗಳಿಗೆ ಅವಳ ಕೈ ಬಿಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಅವಳ ಕೈಮೇಲಿನ ಭಾವನ ಬೆರಳಿನ ಗುರುತು ಆ ದಿನ ಸಂಜೆಯಾದರೂ ಮಾಸಿರಲಿಲ್ಲ.

ಈಗ ಭಾವನಿಗೆ ಯಾರು ಏನು ಹೇಳಿದರೂ ಅರ್ಧ ಕೇಳುವುದಿಲ್ಲ. "ಮೊದಲರ ಎಲ್ಲಿ ಕೇಳ್ತಿದ್ರು," ಎನ್ನುತ್ತಾರೆ ಅಕ್ಕ. ನಾನೂ ಬೈಯುವುದನ್ನು ಬಿಟ್ಟಿಲ್ಲ. ಅವರ ಬಲಗಡೆ ಕೂತು ಬೈಯುತ್ತೇನೆ, ಕೇಳಲಿ ಎಂದು.