ಗೋಡೆ ಬುಡದ ಕೂಸುಗಳು

ಆ ಹುಲ್ಲುಗಾವಲಿನಲ್ಲಿ ನಾವು ಪುರಾತತ್ವದ ಅಗೆತ ಶುರುಮಾಡಿದ ಎರಡನೇ ವಾರ ಅದರ ಒಡತಿ ಮಾವಿಸ್ ಪಿಂಚ್‌ಬೆಕ್ ಗೇಟು ತೆಗೆದುಕೊಂಡು ಒಳಗೆ ಬಂದರು. ಎಂಬತ್ತೊಂದು ವರ್ಷ, ಕಾಲಿಗೆ ಮಗನ ರಬ್ಬರ್ ಬೂಟು, ಕೈಯಲ್ಲಿ ಟೀ ಫ್ಲಾಸ್ಕು. ಇಂಥ ಕಡೆ ಬರುವವರೆಲ್ಲ ಚಿನ್ನ ಸಿಕ್ಕಿತೇ ಎಂದು ಕೇಳುತ್ತಾರೆ. ಇಪ್ಪತ್ತಾರು ವರ್ಷದಿಂದ ಅದನ್ನೇ ಕೇಳಿ ನನಗೆ ತಲೆ ಕೆಟ್ಟುಹೋಗಿದೆ. ಇವರು ಕೇಳಿದ್ದೇ ಬೇರೆ.

"ಕೂಸುಗಳೇನಾದ್ರೂ ಸಿಕ್ಕಿದ್ವೇನಪ್ಪಾ?"

ಸಿಕ್ಕಿದ್ದವು. ರೋಮನ್ನರು ಇಂಗ್ಲೆಂಡನ್ನು ಆಳುತ್ತಿದ್ದ ಕಾಲದ ಒಂದು ಕಣಜದ ಉದ್ದ ಗೋಡೆಯ ಬುಡದಲ್ಲಿ ಆಗಲೇ ಮೂರು ಕೂಸುಗಳ ಎಲುಬು ಕಂಡಿದ್ದೆವು. ಆ ಕಾಲದ ಹಳ್ಳಿಯವರು ಹುಟ್ಟುತ್ತಲೇ ಸತ್ತ ಮಕ್ಕಳನ್ನು ದೊಡ್ಡವರ ಸ್ಮಶಾನಕ್ಕೆ ಒಯ್ಯುತ್ತಿರಲಿಲ್ಲ, ಮನೆಯ ಹತ್ತಿರವೇ ಗೋಡೆ ಬುಡದಲ್ಲಿ ಹೂಳುತ್ತಿದ್ದರು. ನಮಗದು ಮಾಮೂಲಿ ವಿಷಯ. ಆದರೆ ನಾವು ಯಾರಿಗೂ ಹೇಳಿರಲಿಲ್ಲ. ಇವರಿಗೆ ಹೇಗೆ ಗೊತ್ತಾಯಿತು?

ಅಷ್ಟರಲ್ಲಿ ಮಗ ಕ್ಲೈವ್ ಟ್ರ್ಯಾಕ್ಟರಿನಿಂದಲೇ ಕೂಗಿದ. "ಅಮ್ಮಾ, ಅವರನ್ನ ಮಾತಿಗೆ ಎಳೀಬೇಡ! ಸತ್ತು ಎರಡು ಸಾವ್ರ ವರ್ಷ ಆದೋರ ಅಪ್ಪಣೆ ಇಲ್ದೆ ನಾನು ಕೋಳಿ ಸಾಕೋ ಹಾಗಿಲ್ಲ. ರೀ, ನಿಮ್ಮ ಟೂತ್‌ಬ್ರಷ್ ಕೆಲ್ಸ ಇನ್ನೆಷ್ಟು ದಿನ?"

ಅವನ ಸಿಟ್ಟಿನಲ್ಲಿ ತಪ್ಪಿಲ್ಲ. ಪೂರ್ತಿ ಅಗೆದು ನೋಡುವ ತನಕ ಕೋಳಿ ಶೆಡ್ಡಿಗೆ ಪರವಾನಗಿ ಇಲ್ಲ ಎಂದು ಕೌನ್ಸಿಲಿನವರು ಕಟ್ಟುನಿಟ್ಟಾಗಿ ಹೇಳಿದ್ದರು.

ಅವನು ಹೋದ ಮೇಲೆ ಮಾವಿಸ್ ಬಕೆಟ್ ಬೋರಲು ಹಾಕಿ ಕೂತು ಎಲ್ಲ ಹೇಳಿದರು. ಸ್ಪಾಲ್ಡಿಂಗ್ ಪೇಟೆಯ ಹುಡುಗಿ, ಹತ್ತೊಂಬತ್ತಕ್ಕೆ ಆರ್ಥರನನ್ನು ಮದುವೆಯಾಗಿ ಈ ಬಯಲಿಗೆ ಬಂದವರು. ಆಲೂಗಡ್ಡೆ ಆರಿಸಿದರು, ಗೆಡ್ಡೆ ದಪ್ಪವಾಗಲೆಂದು ಟ್ಯೂಲಿಪ್ ಹೂವಿನ ತಲೆ ಚಿವುಟಿದರು, ಕೋಳಿ ಸಾಕಿದರು. ಸಾವಿರದ ಒಂಬೈನೂರ ಅರವತ್ತಮೂರರ ಆ ದೊಡ್ಡ ಹಿಮದಲ್ಲಿ ಲಿಂಕನ್‌ಶೈರಿನ ದಾರಿಗಳೆಲ್ಲ ಮುಚ್ಚಿ, ಸೂಲಗಿತ್ತಿ ಬರಲಾಗದೆ, ಮೊದಲ ಹೆರಿಗೆ ಗಂಡನ ಕೈಯಲ್ಲೇ ಆಯಿತು. ಹೆಣ್ಣು. ಅಳಲಿಲ್ಲ. ಆರ್ಥರ್ ತನ್ನ ಸ್ವೆಟರಿನಲ್ಲಿ ಸುತ್ತಿ ಹೊರಗೆ ಒಯ್ದ.

"ಚರ್ಚಿಗೆ ಕೊಟ್ಟೆ ಅಂದ್ರು. ವಸಂತದಲ್ಲಿ ನಾನೇ ಹೋಗಿ ಗುಂಡಿ ತೋಡೋನನ್ನ ಕೇಳಿದ್ರೆ ಅಂಥಾದ್ದೇನೂ ಬಂದಿಲ್ಲ ಅಂದ. ಮನೇಲಿ ಕೇಳಿದ್ರೆ ಇವರು ಟೋಪಿ ಹಾಕ್ಕೊಂಡು ಎದ್ದು ಹೋಗೋರು. ನಲವತ್ತಾರು ವರ್ಷ ಹಾಗೇ ಎದ್ದು ಹೋದ್ರು ಕಣಪ್ಪ."

ಆದರೆ ಈ ಹುಲ್ಲುಗಾವಲಿಗೆ ಮಾತ್ರ ಆರ್ಥರ್ ಒಮ್ಮೆಯೂ ನೇಗಿಲು ತಾಗಿಸಲಿಲ್ಲ. ಸಾಯುವ ಹಿಂದಿನ ದಿನ ಬಾಯಿ ಬಿಟ್ಟ. ಮದುವೆಗೆ ಮುಂಚೆ ಇಲ್ಲಿ ಚರಂಡಿ ತೋಡುವಾಗ ಹಳೇ ಗೋಡೆಯ ಪಕ್ಕ ಸಣ್ಣ ಸಣ್ಣ ಎಲುಬು ಸಿಕ್ಕಿದ್ದವಂತೆ. ಹಾಗೇ ಮುಚ್ಚಿ ಸುಮ್ಮನಾಗಿದ್ದನಂತೆ.

"'ಬೇರೆ ಕೂಸುಗಳ ಜೊತೆ ಮಲಗ್ಸಿದೀನಿ ಮಾವಿಸ್, ಒಬ್ಳೇ ಆಗ್ಬಾರ್ದು ಅಂತ' ಅಂದ್ರು. ಹೆಟ್ಟಿ ಅಂತ ಹೆಸರಿಟ್ಟಿದ್ದೆ. ಅವಳನ್ನ ಅವರಪ್ಪನ ಪಕ್ಕ ಮಣ್ಣು ಮಾಡ್ಬೇಕು, ಕಲ್ಲಿನ ಮೇಲೆ ಹೆಸರು ಬರೆಸ್ಬೇಕು. ನಂಗೆ ಇನ್ನೇನೂ ಬೇಡ."

"ಕ್ಲೈವ್‌ಗೆ ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ ಶೆಡ್ಡು ಬೇರೆ ಕಡೆ ಕಟ್ತಿದ್ದ. ಆಮೇಲೆ ನನ್ನ ಮಗೂನ ಯಾರು ಹುಡುಕಿ ಕೊಡ್ತಿದ್ರು? ನೀವೆಲ್ಲ ಓದಿದೋರು, ಜೋಪಾನವಾಗಿ ತೆಗೀತೀರಿ ಅಂತ ಸುಮ್ಮನಿದ್ದೆ."

ಜೋಪಾನವಾಗಿಯೇ ತೆಗೆದೆವು. ಗೋಡೆಯ ಉದ್ದಕ್ಕೂ ಒಟ್ಟು ಆರು ಕೂಸುಗಳು ಸಿಕ್ಕವು. ಮೂಲೆಯಲ್ಲಿದ್ದ ಆರನೆಯದರ ಎಲುಬು ಉಳಿದವಕ್ಕಿಂತ ಬೆಳ್ಳಗೆ, ಈಚಿನದರಂತೆ ಇತ್ತು. "ಇವಳೇ ಇರ್ಬಹುದು" ಎಂದುಬಿಟ್ಟೆ. ಆ ಮಾತು ಆಡಿದ ನನ್ನ ನಾಲಿಗೆಗೆ ಇಂದಿಗೂ ಶಾಪ ಹಾಕುತ್ತೇನೆ. ಮಾವಿಸ್ ಆ ಗುಂಡಿಯ ಪಕ್ಕ ಮೊಣಕಾಲೂರಿ ಕೂತರು. ಅವತ್ತೇ ಸಂಜೆ ಮಗನಿಗೂ ಹೇಳಿದರು. ಮರುದಿನದಿಂದ ಕ್ಲೈವ್ ನಮ್ಮನ್ನು ಹಂಗಿಸಲಿಲ್ಲ.

ಹಳೆಯ ಎಲುಬಾದರೆ ಮ್ಯೂಸಿಯಮ್ಮಿಗೆ, ಈಚಿನದಾದರೆ ಮನೆಯವರಿಗೆ ಎಂದು ಅಧಿಕಾರಿಗಳು ಹೇಳಿದರು. ಎಷ್ಟು ಹಳೆಯವೆಂದು ತಿಳಿಯುವ ಪರೀಕ್ಷೆಗೆ ಆರೂ ಹೋದವು. ನಮ್ಮ ಕೆಲಸ ಮುಗಿಯಿತು, ಶೆಡ್ಡು ಎದ್ದಿತು. ಮಾವಿಸ್ ಅಷ್ಟರಲ್ಲಿ ಪುಟ್ಟ ಪೆಟ್ಟಿಗೆಯನ್ನೂ ಮಾಡಿಸಿಟ್ಟುಕೊಂಡರು.

ಅಕ್ಟೋಬರಿನಲ್ಲಿ ಫಲಿತಾಂಶ ಬಂತು. ಅಂಚೆಯಲ್ಲಿ ಕಳಿಸಲು ಮನಸ್ಸು ಬಾರದೆ ನಾನೇ ತೆಗೆದುಕೊಂಡು ಹೋದೆ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಇಟ್ಟು, ಆರು ಕೂಸುಗಳೂ ಸಾವಿರದ ಏಳುನೂರು ವರ್ಷಕ್ಕಿಂತ ಹಳೆಯವು ಎಂದೆ.

"ಬೆಳ್ಳಗಿದ್ದದ್ದೂ?"

"ಅದೂನೂ."

ಅವರು ಕಾಗದ ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ, "ಎಷ್ಟು ಆಳದಲ್ಲಿದ್ವು ಅವು?" ಎಂದರು.

"ಎರಡಡಿ, ಎರಡೂವರೆ."

"ಆ ಚಳೀಲಿ ಇವರ ಕೈಲಿ ಎರಡಡಿ ಎಲ್ಲಾಗ್ತಿತ್ತು? ನೆಲ ಕಬ್ಬಿಣ ಆಗೋಗಿತ್ತು. ಪಿಕಾಸಿ ಹಿಡೀನೇ ಮುರೀತು. ಒಂದಡಿ ತೋಡಿದ್ರೆ ಹೆಚ್ಚು."

ನಮ್ಮ ಕಸುಬಿನಲ್ಲಿ ಮೇಲಿನ ಒಂದೂವರೆ ಅಡಿ ಮಣ್ಣಿಗೆ ಲೆಕ್ಕವಿಲ್ಲ. ಅದರಲ್ಲಿರುವುದು ಒಡೆದ ಬಾಟಲಿ, ಕುದುರೆ ಲಾಳ. ಮೊದಲ ದಿನವೇ ಯಂತ್ರ ತಂದು ಕೆರೆದು ಹಾಕುತ್ತೇವೆ. ಯಂತ್ರದ ಪಕ್ಕ ನಿಂತು ನೋಡಬೇಕಾದವನು ನಾನೇ. ನೋಡಿದ್ದೆ ಕೂಡ, ಕೆಳಗಿನ ಹಳೇ ಮಣ್ಣಿನ ಬಣ್ಣ ಯಾವಾಗ ಕಾಣುತ್ತದೆ ಎಂದು. ಕೈಯಲ್ಲಿ ಸ್ಯಾಂಡ್‌ವಿಚ್ ಇತ್ತು. ಗೋಡೆಯ ಆ ಸಾಲು ಒಂದು ಗಂಟೆಯಲ್ಲಿ ಮುಗಿದಿತ್ತು. ಆ ಮಗುವನ್ನು ಯಂತ್ರದ ಬಕೆಟ್ಟಿಗೆ ಬಾಚಿ ಎಸೆದವನು ನಾನು.

ಮೇಲಿನ ಮಣ್ಣನ್ನು ಯಂತ್ರದಲ್ಲಿ ಕೆರೆದು ತೆಗೆದೆವು ಎಂದೆ, ಉಳಿದದ್ದನ್ನು ಮಾವಿಸ್ ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಆ ಮಣ್ಣೆಲ್ಲಿದೆ?"

ಕಿಟಕಿಯಿಂದ ತೋರಿಸಿದೆ. ಶೆಡ್ಡು ರಸ್ತೆಗೆ ಕಾಣದಿರಲೆಂದು ಅದನ್ನೇ ಸುತ್ತ ಏರಿಯಂತೆ ಹಾಕಿ ಹುಲ್ಲು ಬಿತ್ತಿದ್ದರು. ಇನ್ನೂರು ಗಜ ಉದ್ದ, ಆಳೆತ್ತರ.

"ಅಮ್ಮಾ, ಮಳೆ ಹನೀತಿದೆ, ನಾಳೆ ನೋಡೋಣ" ಎಂದ ಬಾಗಿಲ ಬಳಿ ನಿಂತಿದ್ದ ಕ್ಲೈವ್. ಅವರು ಆಗಲೇ ಕೋಟು ಹಾಕಿಕೊಳ್ಳುತ್ತಿದ್ದರು.

ಏರಿಯ ಹತ್ತಿರ ನಿಂತು ನನ್ನನ್ನು ಕೇಳಿದರು. "ಗೋಡೆ ಹತ್ರದ್ದು ಯಾವ ಕಡೆ ಹಾಕಿದ್ರಪ್ಪಾ?"

ಮೂರು ಟ್ರೇಲರುಗಳಲ್ಲಿ ದಿನಗಟ್ಟಲೆ ಸಾಗಿಸಿದ ಮಣ್ಣು, ಒಂದರ ಮೇಲೊಂದು ಸುರಿದು ಸಮ ಮಾಡಿದ್ದು. ಕ್ಲೈವ್ ನನ್ನ ಕಡೆ ನೋಡಿದ.

"ಗೊತ್ತಿಲ್ಲ ಮಿಸೆಸ್ ಪಿಂಚ್‌ಬೆಕ್" ಎಂದೆ.

ಅವರು ತಲೆಯಾಡಿಸಿ, ಹಸಿ ಹುಲ್ಲನ್ನು ಒಂದು ಕೈಯಿಂದ ಸವರುತ್ತ, ಏರಿಯ ಒಂದು ತುದಿಯಿಂದ ನಡೆಯತೊಡಗಿದರು. ಎಲ್ಲಿ ನಿಲ್ಲಬೇಕೆಂದು ಹೇಳಲು ನನ್ನಿಂದಾಗಲಿಲ್ಲ.